ಕೊರತೆ ಮತ್ತು ಕುಶಲತೆ: ದಾದಾಸಾಹೇಬ್ ಫಾಲ್ಕೆಯವರ ಬದುಕು ಹಾಗೂ ಆರಂಭದ ಚಿತ್ರನಿರ್ಮಾಣ

ಭಾರತೀಯ ಚಲನಚಿತ್ರದ ಚರಿತ್ರೆಯನ್ನು ಬರೆದವರಲ್ಲಿ ಬಹುಪಾಲು ಜನ ದಾದಾಸಾಹೇಬ್ ಫಾಲ್ಕೆಯವರಿಂದಲೇ ಆರಂಭಿಸುತ್ತಾರೆ. 1912ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಪ್ರದರ್ಶಿತವಾದ ರಾಮಚಂದ್ರ ಗೋಪಾಲ ತೋರ್ಣೆಯವರ ‘ಶ್ರೀ ಪುಂಡಲೀಕ’ಕ್ಕೆ ಮೊದಲ ಸ್ಥಾನ ಸಲ್ಲಬೇಕೆಂಬ ವಾದವೊಂದು ಇದ್ದರೂ, ಅದು ರಂಗಪ್ರಯೋಗವೊಂದರ ಚಿತ್ರೀಕರಣವಾಗಿತ್ತೆಂಬ ಕಾರಣದಿಂದ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ (1913) ಚಿತ್ರಕ್ಕೇ ಆ ಸ್ಥಾನವನ್ನು ನೀಡುತ್ತ ಬರಲಾಗಿದೆ. ಈ ಚರಿತ್ರೆಗಳಲ್ಲಿ ಫಾಲ್ಕೆಯವರ ಬದುಕು ಒಂದು ಸಿದ್ಧಮಾದರಿಯ ಕಥನವಾಗಿ ನೆಲೆಗೊಂಡಿದೆ. ಕೈಯಲ್ಲಿ ಹಣವಿಲ್ಲದ ಮನುಷ್ಯನೊಬ್ಬ ವಿಮೆಯ ಪಾಲಿಸಿಗಳನ್ನೂ ಹೆಂಡತಿಯ ಒಡವೆಗಳನ್ನೂ ಒತ್ತೆಯಿಟ್ಟು, ಇದ್ದುದರಲ್ಲೇ ಹೊಸ ಉಪಾಯಗಳನ್ನು ಹುಡುಕಿ, ಒಂದು ಉದ್ಯಮವನ್ನೇ ಹುಟ್ಟುಹಾಕಿದನೆಂಬುದು ಆ ಕಥನದ ತಿರುಳು. ಕೊರತೆಯೇ ಪ್ರತಿಭೆಯನ್ನು ಹೆರುತ್ತದೆ ಎಂಬ ನಂಬಿಕೆಗೆ ಫಾಲ್ಕೆಯವರಷ್ಟು ಅನುಕೂಲಕರ ನಿದರ್ಶನ ಮತ್ತೊಂದಿಲ್ಲ. ಈ ಕಥನದಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಕೊರತೆಯನ್ನು ತುಂಬಿಕೊಟ್ಟ ಕೌಶಲ ಎಲ್ಲಿಂದ ಬಂದಿತು, ಆ ತುಂಬುವಿಕೆಯ ಭಾರವನ್ನು ಯಾರು ಹೊತ್ತರು ಎಂಬ ಎರಡು ಪ್ರಶ್ನೆಗಳನ್ನು ಅದು ಕೇಳಿಕೊಳ್ಳುವುದಿಲ್ಲ.

ಧುಂಡಿರಾಜ್ ಗೋವಿಂದ ಫಾಲ್ಕೆಯವರು ಜನಿಸಿದ್ದು 1870ರ ಏಪ್ರಿಲ್ 30ರಂದು, ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ. ತಂದೆ ಸಂಸ್ಕೃತ ವಿದ್ವಾಂಸರು. ಅವರಿಗೆ ಮುಂಬಯಿಯ ಕಾಲೇಜೊಂದರಲ್ಲಿ ಅಧ್ಯಾಪನ ವೃತ್ತಿ ದೊರೆತಾಗ ಕುಟುಂಬವೂ ಅಲ್ಲಿಗೆ ಸ್ಥಳಾಂತರಗೊಂಡಿತು. 1885ರಲ್ಲಿ ಬಾಲಕ ಧುಂಡಿರಾಜ್ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಬರೋಡೆಯ ಕಲಾಭವನದಲ್ಲಿ ತೈಲವರ್ಣ ಮತ್ತು ಜಲವರ್ಣ ಚಿತ್ರಕಲೆಯ ಜೊತೆಗೆ ಛಾಯಾಗ್ರಹಣ, ಅಚ್ಚುಮೊಳೆಯ ಬದಲು ಕಲ್ಲಿನ ಮೇಲಿಂದ ಮುದ್ರಿಸುವ ಶಿಲಾಮುದ್ರಣ, ಮೂರು ಬಣ್ಣಗಳ ಬ್ಲಾಕ್ ತಯಾರಿಕೆ ಮುಂತಾದ ವಿದ್ಯೆಗಳನ್ನು ಒಂದಾದ ಮೇಲೊಂದರಂತೆ ಕೈವಶ ಮಾಡಿಕೊಂಡರು. ಗೋಧ್ರಾದಲ್ಲಿ ಛಾಯಾಚಿತ್ರಗಳ ಸ್ಟುಡಿಯೊ ತೆರೆದರು. ಪ್ಲೇಗಿನ ಹಾವಳಿಯಲ್ಲಿ ಮೊದಲ ಪತ್ನಿಯನ್ನೂ ಮಗುವನ್ನೂ ಕಳೆದುಕೊಂಡು ಆ ಊರನ್ನು ಬಿಟ್ಟರು. ಈ ನಡುವೆ ಅವರು ಇಂದ್ರಜಾಲವನ್ನೂ ಅಭ್ಯಾಸ ಮಾಡಿದರು. ತಮ್ಮ ಮನೆತನದ ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಲ್ಲಿ ಜಾದೂ ಪ್ರದರ್ಶನಗಳನ್ನು ನೀಡುತ್ತಿದ್ದರು. ಜೀವನಚರಿತ್ರೆಕಾರರು ಇದನ್ನು ಒಂದು ಹವ್ಯಾಸವೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ಆದರೆ ಫಾಲ್ಕೆಯವರ ಚಿತ್ರಗಳ ಸ್ವರೂಪವನ್ನು ಅರಿಯಲು ಇದಕ್ಕಿಂತ ಮುಖ್ಯವಾದ ವಿವರ ಅವರ ಪೂರ್ವಜೀವನದಲ್ಲಿ ಮತ್ತೊಂದಿಲ್ಲ.

1902ರಲ್ಲಿ ಅವರ ಎರಡನೆಯ ವಿವಾಹವಾಯಿತು. ವಧು ಕರಂದೀಕರ ಮನೆತನದ ಗಿರಿಜಾ, ವಿವಾಹಾನಂತರ ಸರಸ್ವತಿ. ಮರುವರ್ಷ ಫಾಲ್ಕೆಯವರಿಗೆ ಪುರಾತತ್ತ್ವ ಇಲಾಖೆಯಲ್ಲಿ ಛಾಯಾಗ್ರಾಹಕ ಮತ್ತು ನಕ್ಷೆಗಾರರ ಹುದ್ದೆ ದೊರೆಯಿತು. ಸ್ವದೇಶಿ ಚಳವಳಿಯ ದಿನಗಳಲ್ಲಿ ಆ ನೌಕರಿಯನ್ನು ತೊರೆದು, ಪಾಲುದಾರರೊಂದಿಗೆ ಲೋಣಾವಳಾದಲ್ಲಿ ಮುದ್ರಣಾಲಯವೊಂದನ್ನು ಸ್ಥಾಪಿಸಿದರು. ರವಿವರ್ಮ ಮುದ್ರಣಾಲಯಕ್ಕಾಗಿ ಚಿತ್ರಗಳನ್ನು ಕಲ್ಲಿನ ಮೇಲೆ ಇಳಿಸುವ ಕೆಲಸವನ್ನೂ ಮಾಡಿಕೊಟ್ಟರು. ಮನೆಮನೆಯ ಗೋಡೆಗಳಲ್ಲಿ ದೇವದೇವತೆಯರ ರೂಪವನ್ನು ಸ್ಥಿರಗೊಳಿಸಿದ ಆ ಬಣ್ಣದ ಪಟಗಳ ತಯಾರಿಕೆಯ ಒಳಗುಟ್ಟು ಫಾಲ್ಕೆಯವರಿಗೆ ಹೀಗೆ ಪರಿಚಿತವಾಯಿತು. ಮುಂದೆ ಮುದ್ರಣಾಲಯ ದಾದರಿಗೆ ಬಂದಿತು. 1909ರಲ್ಲಿ ಬಣ್ಣದ ಮುದ್ರಣ ಯಂತ್ರಗಳಿಗಾಗಿ ಜರ್ಮನಿಗೂ ಹೋಗಿ ಬಂದರು. ಆದರೆ ಪಾಲುದಾರರೊಡನೆ ಭಿನ್ನಾಭಿಪ್ರಾಯ ತಲೆದೋರಿ, ತಮ್ಮ ಪಾಲನ್ನೂ ಪಡೆಯದೆ ಹೊರನಡೆದರು. ನಲವತ್ತರ ವಯಸ್ಸಿನಲ್ಲಿ ಫಾಲ್ಕೆಯವರ ಬಳಿ ಬಂಡವಾಳವೂ ಇರಲಿಲ್ಲ, ವೃತ್ತಿಯೂ ಇರಲಿಲ್ಲ. ಇದ್ದುದು ಚಿತ್ರಕಲೆ, ಛಾಯಾಗ್ರಹಣ, ರಸಾಯನಗಳ ಬಳಕೆ, ಮುದ್ರಣ ಹಾಗೂ ಕಣ್ಕಟ್ಟು ಎಂಬ ಐದಾರು ಕಸುಬುಗಳ ತಿಳಿವಳಿಕೆ. ಚಲನಚಿತ್ರವೆಂಬ ಹೊಸ ಮಾಧ್ಯಮ ಬೇಡುವುದೂ ಬಹುಮಟ್ಟಿಗೆ ಇವನ್ನೇ.

ಆ ಮಾಧ್ಯಮವನ್ನು ಅವರು ಗಂಭೀರವಾಗಿ ಕಂಡದ್ದು ಮುಂಬಯಿಯ ಗಿರಗಾಂವಿನ ಅಮೆರಿಕಾ ಇಂಡಿಯಾ ಪಿಕ್ಚರ್ ಪ್ಯಾಲೇಸಿನಲ್ಲಿ, 1910-11ರ ಸುಮಾರಿಗೆ. ಅಲ್ಲಿ ನೋಡಿದ ಕ್ರಿಸ್ತನ ಜೀವನವನ್ನು ಕುರಿತ ಚಿತ್ರ ಅವರ ಮನಸ್ಸಿನಲ್ಲಿ ರಾಮಕೃಷ್ಣರ ಕಥೆಗಳನ್ನು ತೆರೆಯ ಮೇಲೆ ತರುವ ಹಂಬಲವನ್ನು ಬಿತ್ತಿತು. ಅನಂತರದ ತಿಂಗಳುಗಳಲ್ಲಿ ಅವರು ಸಿಕ್ಕಿದ ಚಿತ್ರಗಳನ್ನೆಲ್ಲ ನೋಡುತ್ತ, ನಿದ್ದೆಗೆಟ್ಟು ಪ್ರಯೋಗ ಮಾಡುತ್ತ ಕಣ್ಣಿನ ದೃಷ್ಟಿಯನ್ನೇ ಕೆಲಕಾಲ ಕಳೆದುಕೊಂಡಿದ್ದರು. ಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲೆ 12,000 ರೂಪಾಯಿಗಳ ವಿಮಾ ಪಾಲಿಸಿಗಳನ್ನು ಒತ್ತೆಯಿಟ್ಟು 10,000 ರೂಪಾಯಿ ಸಾಲ ಪಡೆದು 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರೆಂದು ಜೀವನಚರಿತ್ರೆಗಳು ದಾಖಲಿಸುತ್ತವೆ. ‘ಬಯಾಸ್ಕೋಪ್’ ವಾರಪತ್ರಿಕೆಯ ಸಂಪಾದಕರ ನೆರವಿನಿಂದ ವಾಲ್ಟನ್‌ನಲ್ಲಿದ್ದ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೊದಲ್ಲಿ ಚಿತ್ರತಯಾರಿಕೆಯ ಎಲ್ಲ ಹಂತಗಳನ್ನು ನೋಡಿದರು. ಐವತ್ತು ಪೌಂಡುಗಳಿಗೆ ವಿಲಿಯಮ್ಸನ್ ಕ್ಯಾಮೆರಾವೊಂದನ್ನು ಕೊಂಡರು; ಜೊತೆಗೆ ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವ ಯಂತ್ರ ಮತ್ತು ಕಚ್ಚಾ ಫಿಲ್ಮನ್ನು ತರುವ ಏರ್ಪಾಡು ಮಾಡಿದರು. ಏಪ್ರಿಲ್ ಮೊದಲ ದಿನ ಅವರು ಮುಂಬಯಿಗೆ ಮರಳಿದ್ದರು. ಎರಡು ತಿಂಗಳಲ್ಲಿ, ಪ್ರಯಾಣದ ದಿನಗಳನ್ನು ಕಳೆದರೆ ಇನ್ನೂ ಕಡಿಮೆ ಅವಧಿಯಲ್ಲಿ, ಮುಗಿದ ಈ ಕಲಿಕೆ ವಿಸ್ಮಯವೆನಿಸಬಹುದು. ಅದರ ಹಿಂದೆ ಇದ್ದ ಇಪ್ಪತ್ತೈದು ವರ್ಷಗಳ ಕಸುಬುಗಾರಿಕೆಯನ್ನು ನೆನೆದರೆ ವಿಸ್ಮಯಕ್ಕೆ ಅವಕಾಶ ಕಡಿಮೆ.

ಕ್ಯಾಮೆರಾ ಬಂದಿತು, ಕಥಾಚಿತ್ರಕ್ಕೆ ಬೇಕಾದ ಹಣ ಬರಲಿಲ್ಲ. ಹಣ ಹೂಡಬಲ್ಲವರಿಗೆ ಈ ವಿದ್ಯೆ ತಮಗೆ ಬರುತ್ತದೆಂಬುದನ್ನು ಫಾಲ್ಕೆಯವರು ತೋರಿಸಬೇಕಾಗಿತ್ತು. ನಟರಿಲ್ಲದೆ, ದೃಶ್ಯಸಜ್ಜಿಕೆಯಿಲ್ಲದೆ, ಕೂಲಿ ಕೊಡಬೇಕಾದವರು ಯಾರೂ ಇಲ್ಲದೆ ತೆಗೆಯಬಹುದಾದ ಚಿತ್ರ ಯಾವುದು? ಅವರು ಕುಂಡದಲ್ಲಿ ಬಟಾಣಿ ಕಾಳನ್ನು ನೆಟ್ಟು, ಅದರ ಮುಂದೆ ಕ್ಯಾಮೆರಾವನ್ನು ನಿಲ್ಲಿಸಿ, ದಿನದಿನವೂ ಸ್ವಲ್ಪ ಸ್ವಲ್ಪವೇ ಫಿಲ್ಮನ್ನು ತಿರುಗಿಸುತ್ತ ಬಂದರು. ಸುಮಾರು ಒಂದು ತಿಂಗಳ ಬೆಳವಣಿಗೆ ತೆರೆಯ ಮೇಲೆ ಒಂದು ನಿಮಿಷದ ಆಸುಪಾಸಿನಲ್ಲಿ ನಡೆದುಹೋಯಿತು. ‘ಅಂಕುರಾಚೀ ವಾಢ’, ಅಂದರೆ ಮೊಳಕೆಯ ಬೆಳವಣಿಗೆ, ಎಂಬ ಈ ಕಿರುಚಿತ್ರವನ್ನು ನೋಡಿದ ಆಪ್ತರು ಸಾಲ ಕೊಡಲು ಮುಂದೆ ಬಂದರು. ಕಾಲವನ್ನು ಕುಗ್ಗಿಸುವ ಶಕ್ತಿ ಚಲನಚಿತ್ರಕ್ಕೆ ಮಾತ್ರ ಇರುವಂಥದು. ರಂಗಭೂಮಿಗಾಗಲಿ ಛಾಯಾಚಿತ್ರಕ್ಕಾಗಲಿ ಅದು ಎಟುಕದು. ಆ ಶಕ್ತಿಯನ್ನು ಭಾರತೀಯನೊಬ್ಬ ಕಂಡುಕೊಂಡದ್ದು ಪುರಾಣದ ವೈಭವದಲ್ಲಲ್ಲ, ಖರ್ಚಿಲ್ಲದೆ ಸಿಕ್ಕ ಒಂದು ಕಾಳಿನಲ್ಲಿ. ಮಿತವ್ಯಯ ಸೃಜನಶೀಲತೆಗೆ ದಾರಿಯಾಯಿತೆಂಬ ಮಾತು ಫಾಲ್ಕೆಯವರ ಬದುಕಿನಲ್ಲಿ ಪೂರ್ಣಾರ್ಥದಲ್ಲಿ ಒಪ್ಪುವುದು ಈ ಸಂದರ್ಭಕ್ಕೆ.

‘ರಾಜಾ ಹರಿಶ್ಚಂದ್ರ’ದ ನಿರ್ಮಾಣ ಇಷ್ಟು ಸರಳವಾಗಿರಲಿಲ್ಲ. ವಸ್ತುವಿನ ಆಯ್ಕೆಯಲ್ಲೇ ಲೆಕ್ಕಾಚಾರವಿತ್ತು. ಮಾತಿಲ್ಲದ ಚಿತ್ರದಲ್ಲಿ ಎಲ್ಲರಿಗೂ ತಿಳಿದ ಕಥೆಯಿದ್ದರೆ ವಿವರಣೆಯ ಹೊರೆ ಕಡಿಮೆಯಾಗುತ್ತದೆ. ನಡುನಡುವೆ ತೋರಿಸುವ ಹಿಂದಿ ಮತ್ತು ಇಂಗ್ಲಿಷ್ ಬರಹಗಳನ್ನು ಓದಲಾರದವನೂ ಕಥೆಯನ್ನು ಹಿಂಬಾಲಿಸಬಲ್ಲ. (ರಾಘವಾಂಕನ ಕಾವ್ಯದ ಮೂಲಕ ಈ ಕಥೆಯನ್ನು ಬಲ್ಲ ಕನ್ನಡ ಓದುಗರಿಗೆ ಚಂದ್ರಮತಿ, ಲೋಹಿತಾಶ್ವರ ಬದಲು ಫಾಲ್ಕೆಯವರಲ್ಲಿ ತಾರಾಮತಿ, ರೋಹಿತಾಶ್ವರು ಎದುರಾಗುತ್ತಾರೆ.) ಪಾತ್ರಹಂಚಿಕೆಯಲ್ಲಿ ತೊಡಕು ಎದುರಾಯಿತು. ತಾರಾಮತಿಯ ಪಾತ್ರಕ್ಕೆ ಯಾವ ಸ್ತ್ರೀಯೂ ಒಪ್ಪಲಿಲ್ಲ. ಸಮಾಜ ಕೀಳಾಗಿ ಕಾಣುತ್ತಿದ್ದ ವೃತ್ತಿಯ ಹೆಂಗಸರೂ ಹಿಂಜರಿದರು. ಕೊನೆಗೆ ಹೋಟೆಲೊಂದರಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕ ಈ ಪಾತ್ರಕ್ಕೆ ದೊರೆತ. ತಿಂಗಳಿಗೆ ಹತ್ತು ರೂಪಾಯಿ ಪಡೆಯುತ್ತಿದ್ದ ಆತನಿಗೆ ಹದಿನೈದು ರೂಪಾಯಿ ಗೊತ್ತಾಯಿತೆಂಬುದು ಪ್ರಚಲಿತ ಮಾಹಿತಿ. ಮರಾಠಿ ಮತ್ತು ಕನ್ನಡ ವೃತ್ತಿರಂಗಭೂಮಿಗಳೆರಡರಲ್ಲೂ ಸ್ತ್ರೀಪಾತ್ರಧಾರಿಗಳ ಪರಂಪರೆಯಿದ್ದುದರಿಂದ ಪ್ರೇಕ್ಷಕರಿಗೆ ಇದು ಅಸಹಜವೆನಿಸಿರಲಾರದು. ಹರಿಶ್ಚಂದ್ರನಾಗಿ ದತ್ತಾತ್ರೇಯ ದಾಮೋದರ ದಾಬ್ಕೆ, ರೋಹಿತಾಶ್ವನಾಗಿ ಫಾಲ್ಕೆಯವರ ಹಿರಿಯ ಮಗ ಭಾಲಚಂದ್ರ ನಟಿಸಿದರು. ಕ್ಯಾಮೆರಾ ತಿರುಗಿಸುವ ಕೆಲಸವನ್ನು ತ್ರ್ಯಂಬಕ ತೆಲಂಗ ಎಂಬ ಬಾಲ್ಯದ ಗೆಳೆಯನಿಗೆ ಫಾಲ್ಕೆಯವರೇ ಕಲಿಸಿದರು. ಚಿತ್ರಕಥೆ, ವೇಷಭೂಷಣ, ದೃಶ್ಯಸಜ್ಜಿಕೆ, ನಿರ್ದೇಶನ, ಸಂಕಲನ, ಸಂಸ್ಕರಣೆ ಇವೆಲ್ಲವೂ ಅವರ ಪಾಲಿಗೇ ಉಳಿದವು.

ದಾದರಿನ ಮನೆ ಚಿತ್ರೀಕರಣದ ಮಟ್ಟಿಗೆ ಕಾರ್ಖಾನೆಯೇ ಆಗಿತ್ತು. ವಿದ್ಯುದ್ದೀಪಗಳ ಸೌಕರ್ಯವಿಲ್ಲದ್ದರಿಂದ ಬಿಸಿಲೇ ಬೆಳಕು. ಬಿಸಿಲನ್ನು ನಟರ ಮುಖದ ಮೇಲೆ ತಿರುಗಿಸಲು ಬಿಳಿಯ ಹೊದಿಕೆಗಳನ್ನು ಹಿಡಿದು ಗಂಟೆಗಟ್ಟಲೆ ನಿಲ್ಲಬೇಕಾಗುತ್ತಿತ್ತು. ಹಾಗೆ ನಿಂತವರಲ್ಲಿ ಸರಸ್ವತೀಬಾಯಿಯವರೂ ಒಬ್ಬರು. ಆಗಿನ ಕಚ್ಚಾ ಫಿಲ್ಮು ಅಂಚಿನ ರಂಧ್ರಗಳಿಲ್ಲದೆ ಬರುತ್ತಿತ್ತು. ಅದನ್ನು ಕತ್ತಲೆಯಲ್ಲಿ ಯಂತ್ರಕ್ಕೆ ಕೊಟ್ಟು ರಂಧ್ರ ಕೊರೆಯಬೇಕು. ಸ್ವಲ್ಪ ಓರೆಯಾದರೂ ತೆರೆಯ ಮೇಲಿನ ಚಿತ್ರ ಕುಣಿಯುತ್ತದೆ. ಈ ಕೆಲಸ, ಫಿಲ್ಮನ್ನು ತೊಳೆಯುವ ರಸಾಯನಗಳನ್ನು ಬೆರೆಸುವ ಕೆಲಸ, ಹೊರತಾಗಿ ಅರವತ್ತು ಎಪ್ಪತ್ತು ಮಂದಿಯ ಅಡುಗೆ, ಬಟ್ಟೆಬರೆಯ ವ್ಯವಸ್ಥೆ, ಇವು ಸರಸ್ವತೀಬಾಯಿಯವರ ಪಾಲಿನವಾಗಿದ್ದವು. ಒಡವೆಗಳೂ ಅವರವೇ. ತಾರಾಮತಿಯ ಪಾತ್ರವನ್ನೂ ಮೊದಲು ಅವರಿಗೇ ಒಪ್ಪಿಸಲು ಫಾಲ್ಕೆಯವರು ಯತ್ನಿಸಿದ್ದರು. ಮಾಡುತ್ತಿರುವ ಕೆಲಸಗಳ ಜೊತೆಗೆ ಇದೂ ಬೇಡವೆಂದು ಅವರು ನಿರಾಕರಿಸಿದರಂತೆ. ಚಿತ್ರಚರಿತ್ರೆಗಳಲ್ಲಿ ಕಂತುಕಂತಾಗಿ ಬರುವ ಈ ವಿವರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅಲ್ಪವೆಚ್ಚದ ಚಿತ್ರವೆಂಬ ಮಾತಿನ ಅರ್ಥ ಬದಲಾಗುತ್ತದೆ. ವೆಚ್ಚ ಕಡಿಮೆಯಾದದ್ದು ಉಪಾಯಗಳಿಂದ ಎಷ್ಟೋ, ಸಂಬಳದ ಪಟ್ಟಿಯಲ್ಲಿ ಸೇರದ ಒಬ್ಬ ಹೆಣ್ಣುಮಗಳ ದುಡಿಮೆಯಿಂದಲೂ ಅಷ್ಟೇ. ಧರ್ಮಪತ್ನಿಯ ತ್ಯಾಗವೆಂದು ಇದನ್ನು ಹಾಡಿ ಹೊಗಳುವ ಬರವಣಿಗೆಗೆ ಕೊರತೆಯಿಲ್ಲ. ಆದರೆ ರಂಧ್ರ ಕೊರೆಯುವುದು, ಸಂಸ್ಕರಣೆಗೆ ನೆರವಾಗುವುದು ತಾಂತ್ರಿಕ ವೃತ್ತಿಗಳು. ಈ ದೇಶದ ಚಲನಚಿತ್ರದ ಮೊದಲ ತಂತ್ರಜ್ಞರ ಸಾಲಿನಲ್ಲಿ ಸರಸ್ವತೀಬಾಯಿಯವರನ್ನು ನಿಲ್ಲಿಸುವುದೇ ಹೆಚ್ಚು ನ್ಯಾಯವಾದ ಕ್ರಮ.

ಹೊರಾಂಗಣದ ದೃಶ್ಯಗಳಿಗಾಗಿ ತಂಡವು ಮುಂಬಯಿಯಿಂದ ದೂರದ ವಾಂಗಣಿ ಎಂಬ ಹಳ್ಳಿಗೆ ಹೋಯಿತು. ಕತ್ತಿಗುರಾಣಿ ಹಿಡಿದ ಇವರನ್ನು ದರೋಡೆಕೋರರೆಂದು ಭಾವಿಸಿ ಊರವರು ಪೊಲೀಸರಿಗೆ ದೂರಿತ್ತರೆಂದೂ, ಫಾಲ್ಕೆಯವರು ಫಿಲ್ಮು ಹಾಕದ ಕ್ಯಾಮೆರಾವನ್ನು ತಿರುಗಿಸಿ ತಮ್ಮ ಕಸುಬನ್ನು ಮನದಟ್ಟು ಮಾಡಿಕೊಟ್ಟರೆಂದೂ ಒಂದು ಪ್ರಸಂಗ ಬಳಕೆಯಲ್ಲಿದೆ. ಇದನ್ನು ಎಲ್ಲರೂ ನಗುತ್ತ ಹೇಳುತ್ತಾರೆ. ಅದೇ ಊರಿನಲ್ಲಿ ನಡೆದುದಾಗಿ ಹೇಳಲಾಗುವ ಇನ್ನೊಂದು ಘಟನೆಯನ್ನು ಹಾಗೆ ಹೇಳಲಾಗದು. ಆಟವಾಡುತ್ತಿದ್ದ ಭಾಲಚಂದ್ರ ಬಂಡೆಯ ಮೇಲೆ ಬಿದ್ದು, ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದ. ಮಗುವನ್ನು ಕೂಡಲೇ ಮುಂಬಯಿಗೆ ಕರೆದೊಯ್ಯಬೇಕೆಂದು ಜೊತೆಗಿದ್ದವರು ಹೇಳಿದರು. ಚಿತ್ರೀಕರಿಸಬೇಕಾಗಿ ಉಳಿದದ್ದು ಸತ್ತ ರೋಹಿತಾಶ್ವನನ್ನು ಚಿತೆಯ ಮೇಲೆ ಮಲಗಿಸಿದ ದೃಶ್ಯ. ಮರಳಿ ಬರುವ ಖರ್ಚನ್ನು ಭರಿಸಲಾರದ ಫಾಲ್ಕೆಯವರು ಪ್ರಜ್ಞೆಯಿಲ್ಲದ ಮಗನನ್ನೇ ಮಲಗಿಸಿ ದೃಶ್ಯವನ್ನು ಮುಗಿಸಿ, ಸಂಜೆಗೆ ಊರು ಬಿಟ್ಟರು. ಈ ವೃತ್ತಾಂತವನ್ನು ಕಲಾನಿಷ್ಠೆಯ ಪರಾಕಾಷ್ಠೆಯೆಂದು ಓದುವವರಿದ್ದಾರೆ. ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದ ರಾಜನ ಕಥೆಯನ್ನು ತೆಗೆಯುತ್ತಿದ್ದವನ ಬದುಕು ಆ ಕಥೆಯನ್ನೇ ಹೋಲತೊಡಗಿದ್ದು ವಿಪರ್ಯಾಸ. ಹರಿಶ್ಚಂದ್ರನ ಕಥೆಯಲ್ಲಿ ಹೆಂಡತಿ ಮಕ್ಕಳ ಒಪ್ಪಿಗೆಯನ್ನು ಕುರಿತ ಪ್ರಶ್ನೆ ಎಷ್ಟು ಮುಜುಗರದ್ದೋ ಇಲ್ಲಿಯೂ ಅಷ್ಟೇ.

ಆರು ತಿಂಗಳು ಇಪ್ಪತ್ತೇಳು ದಿನಗಳಲ್ಲಿ 3,700 ಅಡಿಗಳ, ನಾಲ್ಕು ರೀಲುಗಳ ಚಿತ್ರ ಸಿದ್ಧವಾಯಿತು. 1913ರ ಏಪ್ರಿಲ್ 21ರಂದು ಆಹ್ವಾನಿತರಿಗಾಗಿ, ಮೇ 3ರಂದು ಗಿರಗಾಂವಿನ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕರಿಗಾಗಿ ಪ್ರದರ್ಶನಗೊಂಡಿತು. ಚಿತ್ರದ ರೂಪದಲ್ಲಿ ಫಾಲ್ಕೆಯವರ ಹಿಂದಿನ ಕಸುಬುಗಳೆಲ್ಲ ಗುರುತು ಬಿಟ್ಟಿವೆ. ಕ್ಯಾಮೆರಾ ಬಹುಪಾಲು ಅಲುಗದೆ ಎದುರಿಗೆ ನಿಂತು ನೋಡುತ್ತದೆ. ಪಾತ್ರಗಳ ಜೋಡಣೆಯಲ್ಲಿ ರವಿವರ್ಮನ ಪಟಗಳ ಜಾಡು ಸ್ಪಷ್ಟವಾಗಿದೆ. ದೇವರು ಪ್ರತ್ಯಕ್ಷನಾಗುವಲ್ಲಿ, ಬೆಂಕಿಯ ನಡುವೆ ಮಾಯಾಶಕ್ತಿಗಳು ಕಾಣಿಸಿಕೊಳ್ಳುವಲ್ಲಿ ಪ್ರೊಫೆಸರ್ ಕೆಲ್ಫಾ ಕೆಲಸ ಮಾಡಿದ್ದಾರೆ. ಕ್ಯಾಮೆರಾವನ್ನು ನಿಲ್ಲಿಸಿ ಮತ್ತೆ ತಿರುಗಿಸುವುದಕ್ಕೆ, ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರ ಹಿಡಿಯುವುದಕ್ಕೆ ಹಣ ಬೇಕಿಲ್ಲ; ಕೈಚಳಕ ಬೇಕು. ಅರಮನೆಯ ವೈಭವವನ್ನು ಕಟ್ಟಿಸಲಾರದವರು ಪವಾಡವನ್ನು ತೋರಿಸಬಲ್ಲವರಾಗಿದ್ದರು. ಭಾರತೀಯ ಪೌರಾಣಿಕ ಚಿತ್ರದಲ್ಲಿ ಪವಾಡಕ್ಕೆ ದೊರೆತ ಕೇಂದ್ರಸ್ಥಾನಕ್ಕೆ ಭಕ್ತಿಯೊಂದೇ ಕಾರಣವಲ್ಲ, ಈ ಅರ್ಥಶಾಸ್ತ್ರವೂ ಕಾರಣವಿರಬಹುದು. ಈ ಚಿತ್ರದ ಮೊದಲ ಮತ್ತು ಕೊನೆಯ ರೀಲುಗಳೆಂದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿರುವುದು ವಾಸ್ತವವಾಗಿ 1917ರಲ್ಲಿ ಫಾಲ್ಕೆಯವರೇ ಮರುನಿರ್ಮಿಸಿದ ಚಿತ್ರದ ಭಾಗವೆಂಬ ಅಭಿಪ್ರಾಯವೂ ವಿದ್ವಾಂಸರಲ್ಲಿದೆ. ಹೀಗಾಗಿ ರೂಪವನ್ನು ಕುರಿತ ಯಾವ ಮಾತಿಗೂ ಈ ಮಿತಿಯುಂಟು.

ಪ್ರಚಾರದಲ್ಲಿಯೂ ಅವರ ಜಾಣ್ಮೆ ಕೆಲಸ ಮಾಡಿತು. ಎರಡು ಆಣೆಗೆ ಆರು ಗಂಟೆಗಳ ನಾಟಕ ನೋಡುತ್ತಿದ್ದ ಸೂರತ್ತಿನ ಜನ ಈ ಅಲ್ಪಾವಧಿಯ ಚಿತ್ರಕ್ಕೆ ಬರಲಿಲ್ಲ. ಆಗ ಫಾಲ್ಕೆಯವರು 57,000 ಛಾಯಾಚಿತ್ರಗಳುಳ್ಳ, ಎರಡು ಮೈಲಿ ಉದ್ದದ ಚಿತ್ರವನ್ನು ಮೂರು ಆಣೆಗೆ ತೋರಿಸುವುದಾಗಿ ಜಾಹೀರಾತು ಹೊರಡಿಸಿದರು. ಅಡಿಗೆ ಹದಿನಾರರಂತೆ 3,700 ಅಡಿಗಳಲ್ಲಿ 59,200 ಚೌಕಟ್ಟುಗಳಾಗುತ್ತವೆ. ಆದ್ದರಿಂದ ಮೊದಲ ಅಂಕಿ ನಿಜಕ್ಕೆ ಹತ್ತಿರ. ಮುಕ್ಕಾಲು ಮೈಲಿಯನ್ನೂ ಮುಟ್ಟದ ಫಿಲ್ಮು ಎರಡು ಮೈಲಿಯಾದದ್ದು ಮಾತ್ರ ಜಾದೂಗಾರನ ಲೆಕ್ಕ.

ಆ ವರ್ಷವೇ ಫಾಲ್ಕೆಯವರು ನಾಸಿಕಕ್ಕೆ ನೆಲೆ ಬದಲಿಸಿದರು. ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ನಟಿಸಿದ್ದರಿಂದ ತೆರೆಯ ಮೇಲೆ ಸ್ತ್ರೀಯರೇ ಬಂದಂತಾಯಿತು. 1914ರಲ್ಲಿ ತಮ್ಮ ಚಿತ್ರಗಳೊಂದಿಗೆ ಮತ್ತೆ ಲಂಡನ್ನಿಗೆ ಹೋದಾಗ ಅಲ್ಲಿಯೇ ಕೆಲಸ ಮಾಡುವ ಆಹ್ವಾನ ಬಂದರೂ ಒಪ್ಪಲಿಲ್ಲ. ಮಹಾಯುದ್ಧ ಆರಂಭವಾಗಿ ಕಚ್ಚಾ ಫಿಲ್ಮು ದುಬಾರಿಯಾಯಿತು. ಸಾಲ ಕೊಡುವವರು ಹಿಂದೆ ಸರಿದರು. ಈ ಬಿಗಿಯ ವರ್ಷಗಳ ಫಲ ‘ಲಂಕಾದಹನ’ (1917). ಇದರಲ್ಲಿ ರಾಮನೂ ಸೀತೆಯೂ ಒಬ್ಬರೇ, ಅದೇ ಸಾಳುಂಕೆ. ಒಬ್ಬ ನಟನಿಂದ ಎರಡು ಪಾತ್ರ ಮಾಡಿಸಿದ್ದು ಮಿತವ್ಯಯವೋ ಚಮತ್ಕಾರದ ಮೋಹವೋ ನಿರ್ಧರಿಸುವುದು ಕಷ್ಟ; ಫಾಲ್ಕೆಯವರಲ್ಲಿ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ಚಿತ್ರ ಅಪಾರ ಜನಪ್ರಿಯತೆ ಗಳಿಸಿತು. ಸಂಗ್ರಹವಾದ ನಾಣ್ಯಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಬೇಕಾಯಿತೆಂಬ ಪ್ರತೀತಿ ಹುಟ್ಟಿದ್ದು ಈ ಚಿತ್ರದಿಂದಲೇ. 1917-18ರಲ್ಲಿ ‘ನವಯುಗ’ ಪತ್ರಿಕೆಗೆ ಅವರು ಬರೆದ ಮರಾಠಿ ಲೇಖನಗಳು ಆರಂಭದ ದಿನಗಳನ್ನು ಕುರಿತ ಮುಖ್ಯ ಆಕರಗಳಾಗಿವೆ. ಗೆದ್ದ ಮೇಲೆ ಗೆದ್ದವರೇ ಬರೆದುಕೊಂಡ ವೃತ್ತಾಂತಗಳಿವು ಎಂಬುದನ್ನು ಸಂಶೋಧಕರು ಮರೆಯಲಾಗದು.

ಗೆಲುವು ಬಂಡವಾಳವನ್ನು ತಂದಿತು. 1918ರಲ್ಲಿ ವಾಮನ ಶ್ರೀಧರ ಆಪ್ಟೆ ಮೊದಲಾದವರ ಪಾಲುದಾರಿಕೆಯಲ್ಲಿ ಹಿಂದೂಸ್ತಾನ್ ಸಿನೆಮಾ ಫಿಲ್ಮ್ಸ್ ಕಂಪೆನಿ ಸ್ಥಾಪಿತವಾಯಿತು. ಕೊರತೆಯೇ ಕಲೆಯ ಮೂಲವೆಂಬ ಸೂತ್ರ ಸರಿಯಾಗಿದ್ದಲ್ಲಿ ಇಲ್ಲಿಂದ ಇಳಿಗಾಲ ಆರಂಭವಾಗಬೇಕಾಗಿತ್ತು. ಆದರೆ ಅವರ ಅತ್ಯಂತ ಲವಲವಿಕೆಯ ಚಿತ್ರವೆನ್ನಬಹುದಾದ ‘ಕಾಲಿಯಾ ಮರ್ದನ’ (1919) ಬಂದದ್ದು ಈ ಕಂಪೆನಿಯಿಂದಲೇ. ಕೃಷ್ಣನ ಪಾತ್ರದಲ್ಲಿ ಮಗಳು ಮಂದಾಕಿನಿ. ಕಥೆ ಆರಂಭವಾಗುವ ಮುನ್ನ ಈ ಹುಡುಗಿಯ ಮುಖವನ್ನು ಹತ್ತಿರದಿಂದ ತೋರಿಸಿ, ಆಕೆ ಒಂದೊಂದಾಗಿ ಭಾವಗಳನ್ನು ಅಭಿನಯಿಸುವುದನ್ನು ಪ್ರೇಕ್ಷಕರ ಮುಂದಿಟ್ಟು, ಬಳಿಕ ಆಕೆಯನ್ನೇ ಕೃಷ್ಣನನ್ನಾಗಿಸುವ ಕ್ರಮ ಇಂದಿಗೂ ಹೊಸದೆನಿಸುತ್ತದೆ. ಬಂಡವಾಳ ಇಲ್ಲಿ ಕಲೆಯನ್ನು ಕುಂದಿಸಲಿಲ್ಲ. ಕುಂದಿಸಿದ್ದು ಅದರ ಬೆನ್ನಿಗೇ ಬಂದ ಆಡಳಿತ. ಎಷ್ಟು ದಿನಗಳಲ್ಲಿ ಚಿತ್ರ ಮುಗಿಯಬೇಕು, ಎಷ್ಟು ವೆಚ್ಚವಾಗಬೇಕು ಎಂಬುದನ್ನು ಪಾಲುದಾರರು ಗೊತ್ತುಪಡಿಸತೊಡಗಿದಾಗ ಜಗಳ ಅನಿವಾರ್ಯವಾಯಿತು. ಮನೆಯನ್ನೇ ಕಾರ್ಖಾನೆಯಾಗಿಸಿ ಎಲ್ಲ ಹಂತಗಳನ್ನೂ ಒಂದೇ ಕೈಯಲ್ಲಿ ಹಿಡಿದಿದ್ದವರಿಗೆ ಶ್ರಮವಿಭಜನೆ ಒಗ್ಗಲಿಲ್ಲ. ಪಾಲುದಾರರ ಪಕ್ಷದಲ್ಲಿಯೂ ನ್ಯಾಯವಿತ್ತು; ಸರಸ್ವತೀಬಾಯಿಯವರಂತೆ ಅವರು ಲೆಕ್ಕ ಕೇಳದೆ ಇರಬೇಕಾಗಿರಲಿಲ್ಲ.

ಕಂಪೆನಿಯನ್ನು ತೊರೆದ ಫಾಲ್ಕೆಯವರು ಕಾಶಿಗೆ ಹೋಗಿ ‘ರಂಗಭೂಮಿ’ ಎಂಬ ನಾಟಕ ಬರೆದರು. ಕೆಲವು ವರ್ಷಗಳ ಬಳಿಕ ಅದೇ ಕಂಪೆನಿಗೆ ಮರಳಿ ಚಿತ್ರಗಳನ್ನು ಮಾಡಿಕೊಟ್ಟರು. ಅವು ಚರಿತ್ರೆಯಲ್ಲಿ ಪಟ್ಟಿಗಳಾಗಿ ಮಾತ್ರ ಉಳಿದಿವೆ. ಮೂಕಿಯಾಗಿ ಆರಂಭವಾದ ‘ಸೇತುಬಂಧನ’ ಮುಗಿಯುವ ವೇಳೆಗೆ ವಾಕ್ಚಿತ್ರದ ಯುಗ ಬಂದಿತ್ತು. ಅದಕ್ಕೆ ಅನಂತರ ಧ್ವನಿ ಜೋಡಿಸಬೇಕಾಯಿತು. ಕೊಲ್ಹಾಪುರ ಸಿನೆಟೋನ್ ಸಂಸ್ಥೆಗಾಗಿ ಸುಮಾರು ಎರಡೂವರೆ ಲಕ್ಷ ರೂಪಾಯಿ ವೆಚ್ಚದಲ್ಲಿ ತಯಾರಾಯಿತೆನ್ನಲಾದ ‘ಗಂಗಾವತರಣ’ (1937) ಅವರ ಕೊನೆಯ ಚಿತ್ರ. ಜೀವಮಾನದಲ್ಲಿ ಮೊದಲ ಸಲ ಕೈತುಂಬ ಹಣ ದೊರೆತಿತ್ತು. ಆದರೆ ಅವರಿಗೆ ಅರವತ್ತೇಳು ವರ್ಷ ವಯಸ್ಸಾಗಿತ್ತು. ಪ್ರಭಾತ್ ಮೊದಲಾದ ಸಂಸ್ಥೆಗಳು ಪ್ರೇಕ್ಷಕರ ಅಭಿರುಚಿಯನ್ನೇ ಬದಲಿಸಿದ್ದವು. ಪವಾಡ ಮಾತನಾಡಬೇಕಾದ ಕಾಲದಲ್ಲಿ ಮೌನದ ಕುಶಲಿಗಳಿಗೆ ಹಣ ಹೆಚ್ಚಿನ ನೆರವಾಗಲಿಲ್ಲ. ಈ ಚಿತ್ರವನ್ನು ಮೊದಲ ಚಿತ್ರದ ಪಕ್ಕದಲ್ಲಿಟ್ಟು ಬಡತನವೇ ಲೇಸೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ.

ಫಾಲ್ಕೆಯವರು ನಾಸಿಕಕ್ಕೆ ಮರಳಿ ಅಲ್ಲಿಯೇ 1944ರ ಫೆಬ್ರವರಿ 16ರಂದು ನಿಧನರಾದರು. ಅವರ ಹೆಸರಿನ ಪ್ರಶಸ್ತಿಯನ್ನು ಭಾರತ ಸರ್ಕಾರ 1969ರಲ್ಲಿ ಸ್ಥಾಪಿಸಿತು. 1965ರ ಕನ್ನಡ ‘ಸತ್ಯ ಹರಿಶ್ಚಂದ್ರ’ದಲ್ಲಿ ಹರಿಶ್ಚಂದ್ರನಾಗಿ ಅಭಿನಯಿಸಿದ್ದ ರಾಜಕುಮಾರ್ ಅವರಿಗೆ 1995ನೆಯ ಸಾಲಿನ ಆ ಪ್ರಶಸ್ತಿ ಸಂದಿತು.